ನಿಮಿಷಕ್ಕೆ 90 ಪದ: ಹಾಡುಗಾರರ ಸುದ್ದಿಯಿಂದ ಇಂಗ್ಲಿಷ್ ಕಲಿತವರ ಚರಿತ್ರೆ

ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆಲ್ಲ ಮೊದಲು ಸಿಕ್ಕ ಪಾಠ ಇದು: ಚಿಕ್ಕ ವಾಕ್ಯ ಬರೆಯಿರಿ. ಒಂದು ವಾಕ್ಯದಲ್ಲಿ ಒಂದೇ ವಿಷಯ ಇರಲಿ. ಯಾರು ಏನು ಮಾಡಿದರು ಅನ್ನುವುದು ಮೊದಲು ಬರಲಿ. ಕಷ್ಟದ ಪದ ಬಂದರೆ ಅಲ್ಲೇ ಬಿಡಿಸಿ ಹೇಳಿ. ಇದೇ ನಿಯಮಗಳನ್ನು ಇಟ್ಟುಕೊಂಡು ಒಂದು ರೇಡಿಯೊ ಕೇಂದ್ರ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಜಗತ್ತಿಗೆ ಇಂಗ್ಲಿಷ್ ಕಲಿಸಿತು. ಕಲಿತವರಲ್ಲಿ ಬಹಳ ಮಂದಿಗೆ ವ್ಯಾಕರಣ ಪುಸ್ತಕಕ್ಕಿಂತ ಹಾಡುಗಾರರ ಸುದ್ದಿಯೇ ಹತ್ತಿರವಾಗಿತ್ತು. ಈ ಬರಹ ಆ ಚರಿತ್ರೆಯ ಬಗ್ಗೆ. ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಇಂಗ್ಲಿಷ್ ಪತ್ರಿಕೆಯ ಎದುರು ಕೂತ ನಮ್ಮಂಥವರಿಗೆ ಇದರಲ್ಲಿ ತಿಳಿಯಬೇಕಾದ್ದು ಬಹಳ ಇದೆ.

1,500 ಪದಗಳ ಲೋಕ

ವಾಯ್ಸ್ ಆಫ್ ಅಮೆರಿಕ ಶುರುವಾದದ್ದು 1942ರಲ್ಲಿ, ಎರಡನೇ ಮಹಾಯುದ್ಧದ ನಡುವೆ. ಅಮೆರಿಕದ ಸರ್ಕಾರದ ದುಡ್ಡಿನಲ್ಲಿ, ಹೊರದೇಶದವರಿಗಾಗಿಯೇ ನಡೆದ ರೇಡಿಯೊ ಅದು. ಯುದ್ಧ ಮುಗಿದು ಶೀತಲ ಸಮರ ಆರಂಭವಾದ ಮೇಲೆ ಅದಕ್ಕೊಂದು ತೊಡಕು ಎದುರಾಯಿತು. ಹೊರಗಿನ ಕೇಳುಗರಿಗೆ ಇಂಗ್ಲಿಷ್ ಸ್ವಲ್ಪ ಬರುತ್ತದೆ, ಆದರೆ ಸುದ್ದಿ ಓದುವ ವೇಗಕ್ಕೆ ಕಿವಿ ಒಗ್ಗುವುದಿಲ್ಲ. ಅದಕ್ಕೆ ಹುಡುಕಿದ ದಾರಿಯೇ 1959ರ ಅಕ್ಟೋಬರ್ 19ರಂದು ಪ್ರಸಾರ ಆರಂಭಿಸಿದ 'ಸ್ಪೆಷಲ್ ಇಂಗ್ಲಿಷ್'.

ಅದರ ನಿಯಮಗಳು ಸರಳ. ಸುಮಾರು 1,500 ಪದಗಳ ಒಂದು ಪಟ್ಟಿ. ಸಾಧ್ಯವಾದಷ್ಟೂ ಅದರೊಳಗೇ ಬರೆಯಬೇಕು. ಒಂದು ವಾಕ್ಯಕ್ಕೆ ಒಂದೇ ವಿಚಾರ. ನುಡಿಗಟ್ಟು ಬೇಡ. ಕರ್ಮಣಿ ಪ್ರಯೋಗ ಆದಷ್ಟು ಬೇಡ. ಓದುವ ವೇಗ ನಿಮಿಷಕ್ಕೆ ಸುಮಾರು 90 ಪದ, ಅಂದರೆ ಮಾಮೂಲಿ ವೇಗದ ಮೂರರಲ್ಲಿ ಎರಡು ಪಾಲು. ಪಟ್ಟಿಯ ಹೊರಗಿನ ಪದ ಅನಿವಾರ್ಯವಾದರೆ ಅದರ ಅರ್ಥವನ್ನು ಅಲ್ಲೇ ಹೇಳಿಬಿಡಬೇಕು. ಇದಕ್ಕೂ ಮೊದಲು, 1930ರಲ್ಲಿ, ಸಿ. ಕೆ. ಆಗ್ಡನ್ ಎಂಬ ಇಂಗ್ಲೆಂಡಿನ ವಿದ್ವಾಂಸ 850 ಪದಗಳ 'ಬೇಸಿಕ್ ಇಂಗ್ಲಿಷ್' ಅನ್ನು ಮುಂದಿಟ್ಟಿದ್ದ. 1943ರಲ್ಲಿ ಬಿಬಿಸಿ ರೇಡಿಯೊದಲ್ಲಿ ಇಂಗ್ಲಿಷ್ ಪಾಠ ಆರಂಭಿಸಿತ್ತು. ಆದರೆ ಸ್ಪೆಷಲ್ ಇಂಗ್ಲಿಷ್ ಪಾಠವೇ ಅಲ್ಲ. ಅದು ಸುದ್ದಿ. ಕೇಳುಗ ಸುದ್ದಿಗಾಗಿ ಕೂರುತ್ತಿದ್ದ, ಭಾಷೆ ತಾನಾಗಿ ಜೊತೆಗೆ ಬರುತ್ತಿತ್ತು.

ಬರೀ ರಾಜಕೀಯದ ಸುದ್ದಿ ಆಗಿದ್ದರೆ ಎಷ್ಟು ಜನ ಕೂರುತ್ತಿದ್ದರೋ! ಮುಂದಿನ ವರ್ಷಗಳಲ್ಲಿ ವಿಜ್ಞಾನ, ಕೃಷಿ, ಚರಿತ್ರೆ, ವ್ಯಕ್ತಿಚಿತ್ರಗಳ ಕಾರ್ಯಕ್ರಮಗಳು ಸೇರಿಕೊಂಡವು. 'ಅಮೆರಿಕನ್ ಮೊಸಾಯಿಕ್' ಎಂಬ ವಾರದ ಕಾರ್ಯಕ್ರಮದಲ್ಲಿ ಕೇಳುಗರ ಪ್ರಶ್ನೆಗೆ ಉತ್ತರ ಇರುತ್ತಿತ್ತು, ಜೊತೆಗೆ ಹಾಡುಗಾರರ ಸುದ್ದಿ ಮತ್ತು ಅವರ ಹಾಡು ಇರುತ್ತಿದ್ದವು. ಯಾರ ಹೊಸ ಆಲ್ಬಂ ಬಂತು, ಯಾರಿಗೆ ಪ್ರಶಸ್ತಿ ಬಂತು, ಯಾರು ತೀರಿಕೊಂಡರು ಎಂಬುದನ್ನೆಲ್ಲ ಆ 1,500 ಪದಗಳಲ್ಲೇ ಹೇಳಬೇಕು. 'ವರ್ಡ್ಸ್ ಅಂಡ್ ದೇರ್ ಸ್ಟೋರೀಸ್' ಎಂಬ ಇನ್ನೊಂದು ಕಾರ್ಯಕ್ರಮ, ಸುದ್ದಿಯಿಂದ ಹೊರಗಿಟ್ಟಿದ್ದ ನುಡಿಗಟ್ಟುಗಳನ್ನು ಒಂದೊಂದಾಗಿ ಎತ್ತಿಕೊಂಡು ಬಿಡಿಸುತ್ತಿತ್ತು.

ತನ್ನ ಊರಿನವರಿಗೇ ಗೊತ್ತಿಲ್ಲದ ದನಿ

ಸ್ಪೆಷಲ್ ಇಂಗ್ಲಿಷ್‌ಗಿಂತ ನಾಲ್ಕು ವರ್ಷ ಮೊದಲೇ ಒಬ್ಬ ಮನುಷ್ಯ ಈ ಕೆಲಸವನ್ನು ತನ್ನಷ್ಟಕ್ಕೆ ಮಾಡುತ್ತಿದ್ದ. ಅವನ ಹೆಸರು ವಿಲ್ಲಿಸ್ ಕೊನೊವರ್. 1955ರ ಜನವರಿಯಲ್ಲಿ ಅವನ 'ಮ್ಯೂಸಿಕ್ ಯುಎಸ್ಎ' ಕಾರ್ಯಕ್ರಮ ವಾಯ್ಸ್ ಆಫ್ ಅಮೆರಿಕದಲ್ಲಿ ಆರಂಭವಾಯಿತು. ಒಂದು ಭಾಗ ಜನಪ್ರಿಯ ಸಂಗೀತ, ಇನ್ನೊಂದು ಜಾಝ್. ಗಡಸು ದನಿ, ನಿಧಾನದ ಮಾತು, ಪ್ರತಿ ಪದವೂ ಬಿಡಿಬಿಡಿ. ಈ ಹಾಡು ಯಾರದ್ದು, ಟ್ರಂಪೆಟ್ ಊದಿದವರು ಯಾರು, ಇದು ಯಾವ ವರ್ಷದ ರೆಕಾರ್ಡ್ ಎಂದು ಹೇಳಿ ಸೂಜಿ ಇಳಿಸುತ್ತಿದ್ದ. ಲೂಯಿ ಆರ್ಮ್‌ಸ್ಟ್ರಾಂಗ್, ಡ್ಯೂಕ್ ಎಲಿಂಗ್ಟನ್, ಬಿಲ್ಲಿ ಹಾಲಿಡೇ ಮುಂತಾದವರನ್ನು ಕೂರಿಸಿಕೊಂಡು ಮಾತಾಡಿಸುತ್ತಿದ್ದ.

ಸೋವಿಯತ್ ಒಕ್ಕೂಟ ಆ ಕಾಲದಲ್ಲಿ ವಾಯ್ಸ್ ಆಫ್ ಅಮೆರಿಕದ ರಷ್ಯನ್ ಪ್ರಸಾರದ ಮೇಲೆ ಗದ್ದಲದ ಅಲೆ ಹಾಯಿಸಿ ಕೇಳದಂತೆ ಮಾಡುತ್ತಿತ್ತು. ಇಂಗ್ಲಿಷ್ ಪ್ರಸಾರವನ್ನು ಮಾತ್ರ ಬಹುಪಾಲು ಬಿಟ್ಟಿತ್ತು. ಅದು ಅರ್ಥವಾಗುವವರು ಕಡಿಮೆ ಎಂಬ ಲೆಕ್ಕ ಇರಬಹುದು. ಹೀಗಾಗಿ ಮಾತೃಭಾಷೆಯ ಬಾಗಿಲು ಮುಚ್ಚಿದಾಗ ಇಂಗ್ಲಿಷಿನ ಕಿಟಕಿ ತೆರೆದೇ ಇತ್ತು. ರಷ್ಯಾ, ಪೋಲೆಂಡ್, ಹಂಗೇರಿಯ ಹುಡುಗ ಹುಡುಗಿಯರು ರಾತ್ರಿ ಆ ಕಿಟಕಿಯ ಬಳಿ ಕೂತರು. ಅಂಗಡಿಯಲ್ಲಿ ಸಿಗದ ಸಂಗೀತವನ್ನು ಆಸ್ಪತ್ರೆಗಳು ಎಸೆದ ಎಕ್ಸ್‌ರೇ ಹಾಳೆಗಳ ಮೇಲೆ ಕೊರೆದು ಹಂಚಿಕೊಂಡ ತಲೆಮಾರು ಅದು. ಪಕ್ಕೆಲುಬಿನ ಚಿತ್ರದ ಮೇಲೆ ಹಾಡು! ಅದರ ಜೊತೆಗೆ ಇಂಗ್ಲಿಷ್ ಪದಗಳನ್ನೂ ಕೂಡಿಟ್ಟುಕೊಂಡರು. ಕಾದಂಬರಿಕಾರ ವಸಿಲಿ ಅಕ್ಸ್ಯೋನೊವ್ ತಮ್ಮ ಯೌವನದ ಈ ಸಂಗೀತದ ಮೋಹದ ಬಗ್ಗೆ ಮುಂದೆ ಬರೆದಿದ್ದಾರೆ.

1959ರಲ್ಲಿ ಕೊನೊವರ್ ಪೋಲೆಂಡಿಗೆ ಹೋದಾಗ ವಾರ್ಸಾ ವಿಮಾನ ನಿಲ್ದಾಣದಲ್ಲಿ ದೊಡ್ಡ ಗುಂಪು ಕಾಯುತ್ತಿತ್ತು. ಯಾರೋ ಗಣ್ಯರು ಬರುತ್ತಿರಬೇಕು ಅಂದುಕೊಂಡ. ಆ ಗುಂಪು ಕಾದದ್ದು ಅವನಿಗಾಗಿಯೇ. ಅವನ ಸ್ವಂತ ದೇಶದಲ್ಲಿ ಮಾತ್ರ ಅವನನ್ನು ಬಲ್ಲವರು ಬೆರಳೆಣಿಕೆಯವರು. ಕಾರಣ 1948ರ ಸ್ಮಿತ್-ಮುಂಡ್ಟ್ ಕಾಯಿದೆ. ಹೊರದೇಶಕ್ಕೆ ಮಾಡಿದ ಸರ್ಕಾರಿ ಪ್ರಚಾರವನ್ನು ಅಮೆರಿಕದೊಳಗೆ ಹಂಚುವ ಹಾಗಿರಲಿಲ್ಲ. 1996ರಲ್ಲಿ ಸಾಯುವವರೆಗೂ ಅವನು ಆ ಕೆಲಸ ಮಾಡಿದ, ಅದೂ ಕಾಯಂ ನೌಕರನಾಗಿ ಅಲ್ಲ, ಗುತ್ತಿಗೆಯ ಮೇಲೆ.

ಒಬ್ಬ ವಿದ್ಯಾರ್ಥಿ ವರದಿಗಾರ ತಂದ ಸುದ್ದಿ

ಹಾಡುಗಾರರ ಸುದ್ದಿ ಅಂದರೆ ಗಾಸಿಪ್, ಅದರಿಂದ ಕಲಿಯುವುದೇನು ಎಂದು ಕೇಳುವವರು ಇದ್ದಾರೆ. ಅವರಿಗೆ ನಾವು 1957ರ ಸೆಪ್ಟೆಂಬರ್ ತಿಂಗಳ ಒಂದು ವರದಿಯನ್ನು ತೋರಿಸುತ್ತೇವೆ.

ಆ ತಿಂಗಳು ಅರ್ಕಾನ್ಸಾ ರಾಜ್ಯದ ಲಿಟಲ್ ರಾಕ್ ಊರಿನಲ್ಲಿ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಬಿಳಿಯರ ಹೈಸ್ಕೂಲಿಗೆ ಸೇರಲು ಹೋದರು. ಗವರ್ನರ್ ಓರ್ವಲ್ ಫಾಬಸ್ ಸೈನಿಕರನ್ನು ನಿಲ್ಲಿಸಿ ತಡೆದ. ಅದೇ ಹೊತ್ತಿಗೆ ಲೂಯಿ ಆರ್ಮ್‌ಸ್ಟ್ರಾಂಗ್ ಕಛೇರಿಗಾಗಿ ನಾರ್ತ್ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್ ಎಂಬ ಊರಿಗೆ ಬಂದಿದ್ದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಾ, ಊರಿನ 'ಗ್ರ್ಯಾಂಡ್ ಫೋರ್ಕ್ಸ್ ಹೆರಾಲ್ಡ್' ಪತ್ರಿಕೆಯಲ್ಲಿ ಗಂಟೆ ಲೆಕ್ಕದ ಕೂಲಿಗೆ ದುಡಿಯುತ್ತಿದ್ದ ಲ್ಯಾರಿ ಲುಬೆನೊ ಎಂಬ 21 ವರ್ಷದ ಹುಡುಗನನ್ನು ಸಂದರ್ಶನಕ್ಕೆ ಕಳಿಸಿದರು. ಅವನು ಹೋಟೆಲಿನಲ್ಲಿ ಊಟ ಒಯ್ಯುವವನ ಜೊತೆ ಸೇರಿಕೊಂಡು ಆರ್ಮ್‌ಸ್ಟ್ರಾಂಗ್ ಅವರ ಕೋಣೆ ಹೊಕ್ಕ. ಸಂಗೀತದ ಬಗ್ಗೆ ಕೇಳುತ್ತಾ ಲಿಟಲ್ ರಾಕ್ ಬಗ್ಗೆಯೂ ಕೇಳಿದ.

ಆರ್ಮ್‌ಸ್ಟ್ರಾಂಗ್ ಸಿಡಿದರು. ಅಧ್ಯಕ್ಷ ಐಸೆನ್‌ಹೋವರ್‌ಗೆ ಎರಡು ನಾಲಗೆ, ಧೈರ್ಯವಿಲ್ಲ ಎಂದರು. ಸರ್ಕಾರ ತಮ್ಮನ್ನು ಸೋವಿಯತ್ ಒಕ್ಕೂಟಕ್ಕೆ ಸಂಗೀತದ ರಾಯಭಾರಿಯಾಗಿ ಕಳಿಸಲು ಯೋಚಿಸಿದ್ದನ್ನು ಒಲ್ಲೆ ಎಂದರು. ಗವರ್ನರ್ ಬಗ್ಗೆ ಆಡಿದ ಮಾತು ಅಚ್ಚು ಹಾಕುವಂಥದ್ದಾಗಿರಲಿಲ್ಲ. ಅದರ ಬದಲು 'ಓದುಬರಹವಿಲ್ಲದ ನೇಗಿಲ ಹುಡುಗ' ಎಂಬ ಪದಕ್ಕೆ ಇಬ್ಬರೂ ಒಪ್ಪಿಕೊಂಡರು. (ನೇಗಿಲು ಹಿಡಿದವರ ಮನೆಯಿಂದ ಬಂದ ನಮಗೆ ಈ ಬೈಗುಳ ಇಂದಿಗೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅನ್ಯಾಯದ ವಿರುದ್ಧ ಆಡಿದ ಮಾತಿನಲ್ಲೂ ಇನ್ನೊಬ್ಬರ ಕಸುಬು ಬೈಗುಳವಾಗಬಲ್ಲದು. ಪದ ಕಲಿಯುವವರು ಇದನ್ನೂ ಕಲಿಯಬೇಕು.)

ಸುದ್ದಿ ಸಂಸ್ಥೆಯವರು ಇದನ್ನು ನಂಬಲಿಲ್ಲ, ಪುರಾವೆ ಕೇಳಿದರು. ಲುಬೆನೊ ಮರುದಿನ ಮತ್ತೆ ಹೋಗಿ, ಬರೆದದ್ದನ್ನು ಆರ್ಮ್‌ಸ್ಟ್ರಾಂಗ್‌ಗೆ ತೋರಿಸಿ, ಸರಿ ಇದೆ ಎಂದು ಸಹಿ ಹಾಕಿಸಿಕೊಂಡು ಬಂದ. ಸುದ್ದಿ ದೇಶದ ತುಂಬ ಹರಡಿತು. ಜೊತೆಗಿದ್ದ ಮ್ಯಾನೇಜರ್ ತೇಪೆ ಹಾಕಲು ನೋಡಿದರೂ ಆರ್ಮ್‌ಸ್ಟ್ರಾಂಗ್ ತಮ್ಮ ಮಾತಿನಿಂದ ಹಿಂದೆ ಸರಿಯಲಿಲ್ಲ. ಸೆಪ್ಟೆಂಬರ್ 24ರಂದು ಐಸೆನ್‌ಹೋವರ್ ಲಿಟಲ್ ರಾಕ್‌ಗೆ ಸೇನೆ ಕಳಿಸಿ ಮಕ್ಕಳನ್ನು ಶಾಲೆಗೆ ಸೇರಿಸಿದರು.

ಈ ಒಂದು ಸುದ್ದಿಯಲ್ಲಿ 'ಸೆಗ್ರಿಗೇಷನ್', 'ಇಂಟಿಗ್ರೇಷನ್', 'ಸಿವಿಲ್ ರೈಟ್ಸ್' ಎಂಬ ಪದಗಳು ಎಲ್ಲೆಲ್ಲಿ ಎಷ್ಟು ಸಲ ಬಂದಿರಬೇಕು ಯೋಚಿಸಿ. ನಿಘಂಟಿನಲ್ಲಿ 'ಸೆಗ್ರಿಗೇಷನ್' ಅಂದರೆ ಬೇರ್ಪಡಿಸುವಿಕೆ ಅಂತ ಒಣ ಅರ್ಥ ಇದೆ. ಜಗತ್ತೇ ಮೆಚ್ಚಿದ ಕಹಳೆಗಾರ ತನ್ನ ಸರ್ಕಾರದ ಆಹ್ವಾನವನ್ನೇ ಒದ್ದ ಸುದ್ದಿಯ ಜೊತೆ ಅದೇ ಪದ ಬಂದಾಗ ಅರ್ಥ ಬೇರೆಯೇ ಆಗುತ್ತದೆ. ಊರ ಹೋಟೆಲಿನಲ್ಲಿ ಕೆಲವರಿಗೆ ಬೇರೆ ಲೋಟ ಇಟ್ಟದ್ದನ್ನು ಕಂಡವರಿಗೆ, ಕೇಳಿದವರಿಗೆ, ಆ ಪದವನ್ನು ಬಿಡಿಸಿ ಹೇಳಬೇಕಾದ ಅಗತ್ಯವೇ ಇಲ್ಲ.

ಸಂಗೀತದ ಪತ್ರಿಕೆ ಹುಟ್ಟಿಸಿದ ಪದಗಳು

ಸಂಗೀತದ ಸುದ್ದಿ ಇದ್ದ ಪದಗಳನ್ನು ಹರಡುತ್ತದೆ, ಹೊಸ ಪದಗಳನ್ನೂ ಹುಟ್ಟಿಸುತ್ತದೆ. ಅಮೆರಿಕದ 'ಬಿಲ್‌ಬೋರ್ಡ್' ಪತ್ರಿಕೆ 1894ರಲ್ಲಿ ಹುಟ್ಟಿದ್ದು ಗೋಡೆಗೆ ಪೋಸ್ಟರ್ ಅಂಟಿಸುವ ದಂಧೆಯವರಿಗಾಗಿ. ಹೆಸರೇ ಹೇಳುತ್ತದೆ. ಆಮೇಲೆ ಅದು ಹಾಡುಗಳ ಲೆಕ್ಕ ಇಡುವ ಪತ್ರಿಕೆಯಾಯಿತು. ಕಪ್ಪು ಜನರ ಹಾಡುಗಳ ಪಟ್ಟಿಗೆ ಅದು 'ರೇಸ್ ರೆಕಾರ್ಡ್ಸ್' ಎಂಬ ತಲೆಬರಹ ಕೊಡುತ್ತಿತ್ತು. 1949ರಲ್ಲಿ ಅಲ್ಲಿ ವರದಿಗಾರನಾಗಿದ್ದ ಜೆರ‍್ರಿ ವೆಕ್ಸ್ಲರ್ ಸೂಚಿಸಿದ 'ರಿದಮ್ ಅಂಡ್ ಬ್ಲೂಸ್' ಎಂಬ ಹೆಸರು ಆ ಜಾಗಕ್ಕೆ ಬಂತು. ಜನರನ್ನು ಬಣ್ಣದಿಂದ ಕರೆಯುವ ಬದಲು ಅವರ ಸಂಗೀತವನ್ನು ಅದರ ಗುಣದಿಂದ ಕರೆದರು. ಒಂದು ತಲೆಬರಹ ಬದಲಾಯಿಸುವುದು ಸಣ್ಣ ಕೆಲಸ ಅಲ್ಲ ಅನ್ನುವುದಕ್ಕೆ ಡೆಸ್ಕ್‌ನಲ್ಲಿ ಕೂರುವ ನಮಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇನ್ನೊಂದು ಪದ 'ಪೇಯೋಲಾ'. 'ಪೇ' ಅಂದರೆ ದುಡ್ಡು ಕೊಡುವುದು. ಅದಕ್ಕೆ ಆ ಕಾಲದ ಪ್ರಸಿದ್ಧ ಗ್ರಾಮೊಫೋನ್ 'ವಿಕ್ಟ್ರೋಲಾ'ದ ಬಾಲ ಅಂಟಿಸಿದರು. ರೆಕಾರ್ಡ್ ಕಂಪನಿಗಳು ರೇಡಿಯೊ ನಿರೂಪಕರಿಗೆ ಗುಟ್ಟಾಗಿ ದುಡ್ಡು ಕೊಟ್ಟು ತಮ್ಮ ಹಾಡನ್ನು ಮತ್ತೆ ಮತ್ತೆ ಹಾಕಿಸುವುದಕ್ಕೆ ಈ ಹೆಸರು. ಸ್ಪೆಷಲ್ ಇಂಗ್ಲಿಷ್ ಆರಂಭವಾದ 1959ರಲ್ಲೇ ಈ ಹಗರಣ ಅಮೆರಿಕವನ್ನು ಅಲುಗಿಸಿತು. ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು, 1960ರಲ್ಲಿ ಕಾನೂನು ಬಂತು. 'ರಾಕ್ ಅಂಡ್ ರೋಲ್' ಎಂಬ ಪದವನ್ನು ಮನೆಮಾತು ಮಾಡಿದ ಅಲನ್ ಫ್ರೀಡ್ 1962ರಲ್ಲಿ ತಪ್ಪೊಪ್ಪಿಕೊಂಡು 300 ಡಾಲರ್ ದಂಡ ಕಟ್ಟಿದ. ದಂಡಕ್ಕಿಂತ ಅವನ ಹೆಸರು ಹೋದದ್ದೇ ದೊಡ್ಡ ನಷ್ಟ.

ನಮ್ಮಲ್ಲಿ 'ಪೇಯ್ಡ್ ನ್ಯೂಸ್' ಎಂಬ ಮಾತು 2009ರ ಚುನಾವಣೆಗಳ ನಂತರ ಎಲ್ಲರ ಬಾಯಿಗೆ ಬಂತು. ಗ್ರಾಮೀಣ ವರದಿಗಾರಿಕೆಗೆ ಹೆಸರಾದ ಪಿ. ಸಾಯಿನಾಥ್ ಅದರ ಬಗ್ಗೆ ಬಿಡದೆ ಬರೆದರು, ಪ್ರೆಸ್ ಕೌನ್ಸಿಲ್ 2010ರಲ್ಲಿ ವರದಿ ಮಾಡಿತು. ಪೇಯೋಲಾ ಗೊತ್ತಿದ್ದವರಿಗೆ ಪೇಯ್ಡ್ ನ್ಯೂಸ್ ಹೊಸ ರೋಗ ಅನ್ನಿಸುವುದಿಲ್ಲ. ಹಳೆಯ ರೋಗ, ಹೊಸ ಊರು.

ತಲೆಯಲ್ಲಿ ಉಳಿಯುವುದು ಯಾಕೆ?

ಭಾಷಾ ಕಲಿಕೆಯ ಸಂಶೋಧಕರು ಇದಕ್ಕೆ ಕಾರಣ ಹೇಳಿದ್ದಾರೆ. ಸ್ಟೀಫನ್ ಕ್ರಾಶೆನ್ 1980ರ ದಶಕದ ಆರಂಭದಲ್ಲಿ ಒಂದು ಸಲಹೆ ಕೊಟ್ಟರು: ಹೊಸ ಭಾಷೆ ಕಲಿಯುವವರು ಎಲ್ಲ ವಿಷಯವನ್ನೂ ಸ್ವಲ್ಪ ಸ್ವಲ್ಪ ಓದುವ ಬದಲು, ಇಷ್ಟವಾದ ಒಂದೇ ವಿಷಯದ ಬಗ್ಗೆ ಅಥವಾ ಒಬ್ಬರೇ ಲೇಖಕರದ್ದನ್ನು ಬಹಳ ಓದಲಿ. ಆಗ ಅವೇ ಪದಗಳು ಮತ್ತೆ ಮತ್ತೆ ಎದುರಾಗುತ್ತವೆ, ಹಿನ್ನೆಲೆ ಮೊದಲೇ ಗೊತ್ತಿರುತ್ತದೆ. ಇನ್ನೊಂದು ಲೆಕ್ಕ ಹೂ ಮತ್ತು ಪಾಲ್ ನೇಷನ್ ಅವರದ್ದು, 2000ನೇ ಇಸವಿಯದು. ಕಥೆಯೊಂದನ್ನು ಯಾರ ಸಹಾಯವೂ ಇಲ್ಲದೆ ಅರ್ಥ ಮಾಡಿಕೊಳ್ಳಲು ಅದರ 100 ಪದಗಳಲ್ಲಿ ಸುಮಾರು 98 ಗೊತ್ತಿರಬೇಕು. ಇಂಗ್ಲಿಷ್ ಸಂಪಾದಕೀಯ ಹಿಡಿದುಕೊಂಡ ಹೊಸಬರಿಗೆ ಸುಸ್ತಾಗುವುದು ಇದಕ್ಕೇ. ದಡ್ಡತನದಿಂದಲ್ಲ, ಲೆಕ್ಕದಿಂದ.

ಹಾಡುಗಾರರ ಸುದ್ದಿಯಲ್ಲಿ ಹೆಸರು ಗೊತ್ತು, ಹಾಡು ಗೊತ್ತು, ಜಗಳವೂ ಗೊತ್ತು. ಗೊತ್ತಿಲ್ಲದ್ದು ಎರಡು ಮೂರು ಪದ ಮಾತ್ರ. ಅವು ಸುತ್ತಲಿನ ಬೆಳಕಿನಲ್ಲಿ ತಾವಾಗಿ ಕಾಣಿಸುತ್ತವೆ.

ಅಲ್ಲದೆ ಆ ಸುದ್ದಿಯ ಅರ್ಧ ಪದಗಳು ನಮ್ಮ ಹಳ್ಳಿಗಳಲ್ಲಿ ಬೇರೆ ವೇಷದಲ್ಲಿ ಆಗಲೇ ಇವೆ. 'ರೆಕಾರ್ಡ್' ಅಂದರೆ ನಮಗೆ ತಾಲ್ಲೂಕು ಕಚೇರಿಯ ಜಮೀನಿನ ಕಾಗದ. 'ರಿಲೀಸ್' ಅಂದರೆ ಸಿನಿಮಾ, ಇಲ್ಲವೇ ಅಣೆಕಟ್ಟಿನಿಂದ ಬಿಟ್ಟ ನೀರು. 'ಬ್ಯಾಂಡ್' ಅಂದರೆ ಮದುವೆ ಮೆರವಣಿಗೆ. 'ಕವರ್' ಅಂದರೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದೇ 'ಕವರ್' ಸಂಗೀತದ ಸುದ್ದಿಯಲ್ಲಿ ಒಬ್ಬರ ಹಾಡನ್ನು ಇನ್ನೊಬ್ಬರು ಹಾಡುವುದು.

'ನಾಮಿನೇಷನ್' ಪದವನ್ನೇ ನೋಡಿ. ಪಂಚಾಯಿತಿ ಚುನಾವಣೆ ಕಂಡ ಯಾರಿಗೂ ಅದು ಗೊತ್ತು: ಅಭ್ಯರ್ಥಿ ತಾನೇ ಹೋಗಿ ಹಾಕುವ ಅರ್ಜಿ. ಬೆಂಗಳೂರಿನ ರಿಕಿ ಕೇಜ್ 2015, 2022 ಮತ್ತು 2023ರಲ್ಲಿ ಗ್ರ್ಯಾಮಿ ಗೆದ್ದರು. ಆ ಸುದ್ದಿಗಳಲ್ಲಿ ಬಂದ 'ನಾಮಿನೇಷನ್' ಅಂದರೆ ಮತ ಹಾಕುವ ಸಂಗೀತದವರು ಆರಿಸಿ ಅಂತಿಮ ಪಟ್ಟಿಗೆ ಸೇರಿಸಿದ ಹೆಸರು. ಒಂದೇ ಪದ, ಒಂದು ಕಡೆ ಕೇಳಿಕೊಳ್ಳುವುದು, ಇನ್ನೊಂದು ಕಡೆ ಸಿಗುವ ಮನ್ನಣೆ. ಗ್ರ್ಯಾಮಿ ಎಂಬ ಹೆಸರು ಬಂದದ್ದು 'ಗ್ರಾಮೊಫೋನ್'ನಿಂದ. ಮೊದಲ ಗ್ರ್ಯಾಮಿ ನಡೆದದ್ದೂ 1959ರಲ್ಲೇ.

ತೂಕದ ಪದಗಳು

ಈ ಕಾಲದ ಎರಡು ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇವೆ. 'ಕನ್ಸರ್ವೇಟರ್‌ಶಿಪ್' ಎಂಬ ಪದ ಬಹುಕಾಲ ಕ್ಯಾಲಿಫೋರ್ನಿಯಾದ ವಕೀಲರಂಥವರಿಗಷ್ಟೇ ಬೇಕಾಗಿತ್ತು. ತನ್ನನ್ನು ತಾನು ನೋಡಿಕೊಳ್ಳಲಾರರು ಎಂದು ಕೋರ್ಟ್ ಭಾವಿಸಿದ ವಯಸ್ಕರ ಹಣ, ಚಿಕಿತ್ಸೆ, ಬದುಕಿನ ತೀರ್ಮಾನಗಳನ್ನು ಇನ್ನೊಬ್ಬರ ಕೈಗೆ ಕೊಡುವ ವ್ಯವಸ್ಥೆ ಅದು. 2008ರಲ್ಲಿ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಅದರಡಿ ಬಂದರು. ಅಧಿಕಾರ ತಂದೆಯ ಕೈಗೆ ಹೋಯಿತು. 2021ರ ಜೂನ್‌ನಲ್ಲಿ ಕೋರ್ಟಿನಲ್ಲಿ ತಾವೇ ಮಾತಾಡಿ ಇದು ದಬ್ಬಾಳಿಕೆ ಎಂದರು. ನವೆಂಬರ್ 12ರಂದು ಕೋರ್ಟ್ ಅದನ್ನು ಕೊನೆಗೊಳಿಸಿತು. ಹಾಡಿನ ಅಭಿಮಾನಿಗಳು ಈ ಹದಿಮೂರು ವರ್ಷಗಳ ಕಥೆಯಿಂದ ಒಂದು ಕಾನೂನಿನ ಪದ ಕಲಿತರು. ದುಡಿಯುವ ಹೆಣ್ಣಿನ ದುಡ್ಡು ಯಾರ ಕೈಯಲ್ಲಿ ಇರಬೇಕು ಅನ್ನುವ ಪ್ರಶ್ನೆ ನಮ್ಮ ಊರಿನ ಸ್ವಸಹಾಯ ಸಂಘದ ಮಹಿಳೆಯರಿಗೂ ಹೊಸದಲ್ಲ.

ಎರಡನೆಯದು 'ಹಯಾಟಸ್', ಅಂದರೆ ಬಿಡುವು, ನಡುವಿನ ಖಾಲಿ ಜಾಗ. 2022ರ ಜೂನ್ 14ರಂದು ಕೊರಿಯಾದ ಬಿಟಿಎಸ್ ತಂಡದವರು ಊಟಕ್ಕೆ ಕೂತು ಕೊರಿಯನ್ ಭಾಷೆಯಲ್ಲಿ ಮಾತಾಡಿದ ವಿಡಿಯೊ ಬಂತು. ಇಂಗ್ಲಿಷ್ ಅಡಿಬರಹದಲ್ಲಿ ಈ ಪದ ಇತ್ತು. ತಂಡ ಒಡೆಯಿತೆಂಬ ಗುಲ್ಲು ಎದ್ದಿತು. ಮರುದಿನ ಅವರ ಕಂಪನಿ ಹೈಬ್‌ನ ಷೇರು ಬೆಲೆ ಸುಮಾರು ಕಾಲು ಭಾಗ ಕುಸಿಯಿತು. ಇದು ಹಯಾಟಸ್ ಅಲ್ಲ, ಒಬ್ಬೊಬ್ಬರೇ ಹಾಡುವುದಕ್ಕೂ ಸಮಯ ಕೊಡುತ್ತಾರೆ ಅಷ್ಟೇ ಎಂದು ಕಂಪನಿ ಸ್ಪಷ್ಟನೆ ಕೊಡಬೇಕಾಯಿತು. ಒಂದು ಅನುವಾದದ ಪದ ಅಷ್ಟು ದುಬಾರಿಯಾಯಿತು! ಪಿಟಿಐ ಸುದ್ದಿಯನ್ನು ಕನ್ನಡಕ್ಕೆ ತರುವ ಗೆಳೆಯರು ಇದನ್ನು ಮೇಜಿನ ಮೇಲೆ ಬರೆದಿಟ್ಟುಕೊಳ್ಳಬೇಕು.

ನಿಂತು ಹೋದ ದನಿ

ಸ್ಪೆಷಲ್ ಇಂಗ್ಲಿಷ್ ಮುಂದೆ 'ಲರ್ನಿಂಗ್ ಇಂಗ್ಲಿಷ್' ಎಂಬ ಹೆಸರು ಪಡೆದು ಇಂಟರ್ನೆಟ್ಟಿಗೂ ಬಂತು. ಅದು ಧರ್ಮಕಾರ್ಯ ಆಗಿರಲಿಲ್ಲ, ನಿಜ. ಅಮೆರಿಕದ ಹಿತಕ್ಕಾಗಿ, ಅಮೆರಿಕದ ತೆರಿಗೆಯ ಹಣದಲ್ಲಿ ನಡೆದದ್ದು. ಅದರ ಕನ್ನಡಿಯಲ್ಲಿ ಆ ದೇಶ ಹೆಚ್ಚು ಚೆಂದ ಕಾಣುತ್ತಿತ್ತು. ಆದರೆ ನಿಧಾನವಾಗಿ ಕೇಳುವವರನ್ನು ಅದು ಕೀಳಾಗಿ ಕಾಣಲಿಲ್ಲ. ದೊಡ್ಡವರ ಸುದ್ದಿಯನ್ನು ದೊಡ್ಡವರಿಗೆ ಹೇಳುವ ಹಾಗೆಯೇ ಹೇಳಿತು, ವೇಗ ಮಾತ್ರ ಕಡಿಮೆ ಮಾಡಿತು.

2025ರ ಮಾರ್ಚ್ 14ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಆದೇಶದ ಬೆನ್ನಿಗೆ ವಾಯ್ಸ್ ಆಫ್ ಅಮೆರಿಕದ ಸುಮಾರು 1,300 ಮಂದಿಯನ್ನು ರಜೆಯ ಮೇಲೆ ಕಳಿಸಿದರು. ಪ್ರಸಾರ ನಿಂತಿತು. ಕೋರ್ಟುಗಳಲ್ಲಿ ವ್ಯಾಜ್ಯ ನಡೆಯಿತು. ಏನೇ ಆದರೂ ಒಂದು ಮಾತು ಸ್ಪಷ್ಟ: ಇನ್ನೊಬ್ಬರ ಖಜಾನೆಯಿಂದ ಬರುವ ಪಾಠ ಆ ಖಜಾನೆಯ ಬೀಗದ ಕೈ ಹಿಡಿದವರು ಮನಸ್ಸು ಬದಲಿಸಿದ ದಿನ ಮುಗಿಯುತ್ತದೆ.

'ಆಕಾಶವಾಣಿ' ಎಂಬ ಹೆಸರಿಟ್ಟು 1935ರಲ್ಲಿ ಮೈಸೂರಿನಲ್ಲಿ ರೇಡಿಯೊ ಆರಂಭಿಸಿದವರು ಎಂ. ವಿ. ಗೋಪಾಲಸ್ವಾಮಿ, ಒಬ್ಬ ಪ್ರಾಧ್ಯಾಪಕರು. ಸಲಕರಣೆ ಅಷ್ಟಿಲ್ಲದ ಕಾಲದಲ್ಲಿ ಆದ ಕೆಲಸ ಅದು. ಇಂದು ನಮ್ಮ ಕೈಯಲ್ಲಿ ಫೋನ್ ಇದೆ, ಸಮುದಾಯ ರೇಡಿಯೊಗಳಿವೆ, ಈ ಬ್ಲಾಗ್ ಇದೆ. ವಾರಕ್ಕೊಂದು ಸಂಗೀತದ ಸುದ್ದಿಯನ್ನು ಸರಳ ಇಂಗ್ಲಿಷಿನಲ್ಲಿ ಬರೆದು, ಅದರ ಐದು ಪದಗಳನ್ನು ಕನ್ನಡದಲ್ಲಿ ಬಿಡಿಸಿ, ನಿಧಾನವಾಗಿ ಓದಿ ಹಾಕಲು ಯಾವ ಸರ್ಕಾರದ ಅನುದಾನವೂ ಬೇಡ. ಹೈಸ್ಕೂಲು ಮಕ್ಕಳು ಆಗಲೇ ಹಾಡು ಕೇಳುತ್ತಿದ್ದಾರೆ, ಹಾಡಿದವರ ಸುದ್ದಿಯನ್ನೂ ಹುಡುಕುತ್ತಿದ್ದಾರೆ. ಅರ್ಥ ಹೇಳುವವರು ಮಾತ್ರ ಬೇಕು.

ಹಾಡಿನ ಸುದ್ದಿಯಿಂದ ಎಲ್ಲ ಇಂಗ್ಲಿಷ್ ಬಂದುಬಿಡುವುದಿಲ್ಲ. ಜಮೀನಿನ 'ಮ್ಯುಟೇಶನ್', ಠಾಣೆಯ 'ಎಫ್‌ಐಆರ್', ಬ್ಯಾಂಕಿನ 'ಹೈಪಾಥಿಕೇಶನ್' ಅದರಲ್ಲಿ ಸಿಗುವುದಿಲ್ಲ. ಅವನ್ನು ಬೇರೆ ಬರಹಗಳಲ್ಲಿ ಬಿಡಿಸೋಣ. ಆದರೆ ಹೆದರಿಕೆ ಬಿಟ್ಟು ಮೊದಲ ಸಾವಿರ ಪದ ಕಲಿಯಲು ಹಾಡಿನ ಸುದ್ದಿ ಸಾಕು. ಅಲ್ಲಿಂದ ಮುಂದೆ ದಾರಿ ಅಷ್ಟು ಕಡಿದಲ್ಲ. ಓದುಗರಲ್ಲಿ ಶಾಲಾ ಶಿಕ್ಷಕರಿದ್ದರೆ ನಿಮ್ಮ ಮಕ್ಕಳು ಯಾರ ಹಾಡು ಕೇಳುತ್ತಾರೆ ಎಂದು ನಮಗೆ ತಿಳಿಸಿ. ಅಲ್ಲಿಂದಲೇ ಶುರು ಮಾಡುತ್ತೇವೆ.